ನೋಟು ಬರ್ತಿದೆ, ಬರ್ತಾನೇ ಇದೆ

ಅಮೆರಿಕದ 20 ಡಾಲರ್ ನೋಟಿನ ಕಥೆ ನಿಮಗೆ ಗೊತ್ತೇ ಇದೆ. ಗುಲಾಮರನ್ನು ಬಿಡಿಸಿದ ಕಪ್ಪು ಹೆಣ್ಣುಮಗಳು ಹ್ಯಾರಿಯಟ್ ಟಬ್‌ಮನ್ ಚಿತ್ರ ಹಾಕ್ತೀವಿ ಅಂತ ಅಲ್ಲಿನ ಖಜಾನೆ ಇಲಾಖೆ 2016ರಲ್ಲಿ ಹೇಳಿತು. 2020ಕ್ಕೆ ಡಿಸೈನ್ ತೋರಿಸ್ತೀವಿ ಅಂದರು. 2019ರಲ್ಲಿ ಕೇಳಿದರೆ 2028 ಅಂದರು. ಈಗ 2030 ಅಂತಿದ್ದಾರೆ. ಒಟ್ಟು ಹದಿನಾಲ್ಕು ವರ್ಷ. ಸರಿಯಾಗಿ ವನವಾಸದ ಲೆಕ್ಕ!

ಬೈಯಬೇಡಿ, ಅವರ ಕಷ್ಟ ಅವರಿಗೆ. ಖೋಟಾ ನೋಟು ತಡೆಯುವ ಕೆಲಸ ಮೊದಲಂತೆ, ಮುಖ ಆಮೇಲಂತೆ. ಗುಲಾಮಗಿರಿಯಿಂದ ತಾನೇ ತಪ್ಪಿಸಿಕೊಂಡು ಬಂದಿದ್ದ ಟಬ್‌ಮನ್, ಹತ್ತು ವರ್ಷದಲ್ಲಿ ಸುಮಾರು 13 ಸಲ ತಾನು ಗುಲಾಮಳಾಗಿದ್ದ ಮೇರಿಲ್ಯಾಂಡಿಗೆ ವಾಪಸ್ ಹೋಗಿ 70ರಷ್ಟು ಜನರನ್ನು ಬಿಡಿಸಿಕೊಂಡು ಬಂದಳು. ಓದು ಬರಹ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಮೊದಲು ಒಂದು ಸಮಿತಿ ಮಾಡಿರುತ್ತಿದ್ದಳೇನೋ.

ಇನ್ನು ಈಗ ನೋಟಿನ ಮೇಲಿರುವ ಹಳೇ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸಾಹೇಬರು. 1928ರಿಂದ ಅಲ್ಲೇ ಠಿಕಾಣಿ. ಇವರಿಗೆ ಕಾಗದದ ದುಡ್ಡು ಕಂಡರೆ ಆಗುತ್ತಿರಲಿಲ್ಲ, ದೇಶದ ಬ್ಯಾಂಕನ್ನೇ ಮುಳುಗಿಸಿದವರು. 1804ರಲ್ಲಿ, ಓಡಿಹೋದ ತಮ್ಮ ಗುಲಾಮನನ್ನು ಹಿಡಿದುಕೊಡಿ ಅಂತ ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದರು. 50 ಡಾಲರ್ ಬಹುಮಾನ. ಹಿಡಿದವರು ಅವನಿಗೆ ಚಾಟಿಯಲ್ಲಿ ಬಾರಿಸಿದರೆ ನೂರು ಏಟಿಗೆ 10 ಡಾಲರ್ ಜಾಸ್ತಿ. 300 ಏಟಿನ ತನಕ ಮಾತ್ರ. ಎಲ್ಲದಕ್ಕೂ ಒಂದು ಮಿತಿ ಬೇಡ್ವಾ?

ಟಬ್‌ಮನ್ ಬಂದರೂ ಸಾಹೇಬರು ಪೂರ್ತಿ ಖಾಲಿ ಮಾಡುವುದಿಲ್ಲ, ನೋಟಿನ ಹಿಂಬದಿಗೆ ಹೋಗ್ತಾರೆ ಅನ್ನೋದು 2016ರ ಒಪ್ಪಂದ. ಅದೇ ಪ್ಲಾನಿನಲ್ಲಿ 10 ಡಾಲರ್ ನೋಟಿನ ಹಿಂಬದಿ, ಹೆಂಗಸರ ಹಕ್ಕಿಗೆ ಹೋರಾಡಿದ ಲುಕ್ರೀಶಿಯಾ ಮಾಟ್ ಮತ್ತವರ ಜೊತೆಯವರಿಗೆ. ಮಾಟ್ ಅವರಿಗೆ ಹಿಂಬದಿ ಹೊಸದೇನಲ್ಲ ಬಿಡಿ. 1840ರ ಜೂನ್‌ನಲ್ಲಿ ಲಂಡನ್ನಿನಲ್ಲಿ ವಿಶ್ವ ಗುಲಾಮಗಿರಿ ವಿರೋಧಿ ಸಮ್ಮೇಳನ. ಈಯಮ್ಮ ಅಮೆರಿಕದಿಂದ ಹಡಗು ಹತ್ತಿ, ಪ್ರತಿನಿಧಿಯಾಗಿ ಹೋದರು. ಹೋದರೆ, ಹೆಂಗಸರಿಗೆ ಸೀಟು ಕೊಡಬೇಕೋ ಬೇಡವೋ ಅಂತ ಗಂಡಸರು ಮೊದಲ ದಿನವೆಲ್ಲ ಚರ್ಚೆ ಮಾಡಿದರು. ಜಗತ್ತಿನ ಗುಲಾಮರು ಒಂದು ದಿನ ಕಾಯಲಿ, ಏನಂತೆ! ಪಾದ್ರಿಗಳು ಬೈಬಲ್ ತೆಗೆದರು. ಹೆಂಗಸರ ಪರ ಮಾತಾಡಲು ಎದ್ದ ಅಮೆರಿಕದ ಪ್ರತಿನಿಧಿ ವೆಂಡೆಲ್ ಫಿಲಿಪ್ಸ್‌ಗೆ ಅವನ ಹೆಂಡತಿ ಮೊದಲೇ ತಾಕೀತು ಮಾಡಿದ್ದಳು, ಅಡ್ಡಗೋಡೆ ಮೇಲೆ ದೀಪ ಇಡಬೇಡ ಅಂತ. ಪಾಪ, ಅವನು ಇಡಲಿಲ್ಲ. ಆದರೂ ಸೋತ. ಹೆಂಗಸರು ಪರದೆಯ ಹಿಂದೆ ಕೂತು ಸ್ವಾತಂತ್ರ್ಯದ ಭಾಷಣ ಕೇಳಿದರು. ತಡವಾಗಿ ಬಂದ, ಗುಲಾಮಗಿರಿ ವಿರೋಧಿ ಪತ್ರಿಕೆಯ ಸಂಪಾದಕ ಗ್ಯಾರಿಸನ್ ಮಾತ್ರ ನನಗೂ ನಿಮ್ಮ ಸೀಟು ಬೇಡ ಅಂತ ಹೆಂಗಸರ ಜೊತೆಗೇ ಹೋಗಿ ಕೂತ. ಅದೇ ಸಭೆಗೆ ಗಂಡನ ಜೊತೆ ಮಧುಚಂದ್ರಕ್ಕೆ ಅಂತ ಬಂದಿದ್ದ, ಮುಂದೆ ಹೆಂಗಸರ ಹಕ್ಕಿನ ನಾಯಕಿಯಾದ ಎಲಿಜಬೆತ್ ಸ್ಟ್ಯಾಂಟನ್‌ಗೆ ಇದೆಲ್ಲ ನೋಡುವ ಭಾಗ್ಯ. ಎಂಥ ಹನಿಮೂನು!

ಇಲ್ಲಿಗೆ ತಮಾಷೆ ಸಾಕು, ನನಗೂ ಸುಸ್ತಾಗಿದೆ. ಗುಲಾಮಗಿರಿಯ ವಿಷಯಕ್ಕೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಟಬ್‌ಮನ್ ಉತ್ತರದವರ ಸೈನ್ಯಕ್ಕೆ ದಾದಿ, ಅಡುಗೆಯವಳು, ಬೇಹುಗಾರ್ತಿ. ಸೈನ್ಯದಿಂದ ಪಡಿ ತಗೊಂಡರೆ ಬಿಡುಗಡೆಯಾಗಿ ಬಂದ ಬಡವರಿಗೆ ಬೇಜಾರಾಗುತ್ತೆ ಅಂತ ಅದನ್ನೂ ಬಿಟ್ಟಳು. ಹಗಲೆಲ್ಲ ದುಡಿದು, ರಾತ್ರಿ ಕೂತು ಪೈ ಸುಟ್ಟು, ರೂಟ್ ಬಿಯರ್ ಕಾಯಿಸಿ, ಮಾರಿಸಿ ಹೊಟ್ಟೆ ಹೊರೆದಳು. 1863ರಲ್ಲಿ ದಕ್ಷಿಣ ಕೆರೊಲಿನಾದ ಕಂಬಾಹೀ ನದಿಯ ದಾಳಿಗೆ ದಾರಿ ತೋರಿಸಿದ್ದೂ ಇವಳೇ. ಒಂದೇ ರಾತ್ರಿಗೆ 700ಕ್ಕೂ ಹೆಚ್ಚು ಜನ ಬಿಡುಗಡೆ. ಪಿಂಚಣಿ ಕೇಳಿದರೆ ಮೂವತ್ತು ವರ್ಷ ಅಲೆಸಿದರು. ಕೊನೆಗೆ ಸಿಕ್ಕಿದ್ದು ಸತ್ತ ಗಂಡನ ಲೆಕ್ಕದಲ್ಲಿ, ಸೈನಿಕನ ವಿಧವೆ ಅಂತ, ತಿಂಗಳಿಗೆ 8 ಡಾಲರ್.

1899ರಲ್ಲಿ ಇದನ್ನು 25 ಮಾಡೋಣ ಅಂತ ಮಸೂದೆ ಬಂತು. ದೇಶದ ಸಂಸತ್ತು ಸೊಪ್ಪಿನವಳ ಹತ್ತಿರ ಕೂತ ಹಾಗೆ ಕೂತು ಚೌಕಾಸಿ ಮಾಡಿತು. ದಾದಿ ಕೆಲಸಕ್ಕೆ 12 ಸೇರಿಸಿತು. ಬೇಹುಗಾರಿಕೆ ಲೆಕ್ಕಕ್ಕೇ ಬರಲಿಲ್ಲ.

ಒಟ್ಟು 20 ಡಾಲರ್. ಇವತ್ತಿಗೆ ಜಾಕ್ಸನ್ ಸಾಹೇಬರ ಒಂದೇ ಒಂದು ನೋಟು.