ಅವು ನಿಜವಾದ ತಾಯಿಯ ಪತ್ರಗಳಲ್ಲ: ಒಂದು ಸ್ಪಷ್ಟನೆ

‘ವಿ ನೀಡ್ ಟು ಟಾಕ್ ಅಬೌಟ್ ಕೆವಿನ್’ ಪುಸ್ತಕದಲ್ಲಿರುವುದು ಶಾಲೆಯಲ್ಲಿ ಕೊಲೆ ಮಾಡಿದ ಹುಡುಗನ ತಾಯಿ ನಿಜವಾಗಿ ಬರೆದ ಪತ್ರಗಳು ಎಂಬ ಸಂದೇಶ ಓಡಾಡುತ್ತಿದೆ. ಹಿಂದೆ ನಾನೂ ಹಾಗೇ ಬರೆದು ಹಂಚಿದ್ದೆ. ಅದು ತಪ್ಪು.

ಅದು ಅಮೆರಿಕದ ಲೇಖಕಿ ಲಯೊನೆಲ್ ಶ್ರೈವರ್ ಅವರ ಕಾದಂಬರಿ, ಬಂದದ್ದು 2003ರಲ್ಲಿ. 2005ರಲ್ಲಿ ಅದಕ್ಕೆ ಆರೆಂಜ್ ಪ್ರಶಸ್ತಿ ಸಿಕ್ಕಿತು. ಆ ಪ್ರಶಸ್ತಿ ಇರುವುದೇ ಮಹಿಳೆಯರು ಬರೆದ ಕಾದಂಬರಿಗಳಿಗೆ. ಪತ್ರ ಬರೆಯುವ ತಾಯಿ ಇವಾ, ಮಗ ಕೆವಿನ್ ಇಬ್ಬರೂ ಕಲ್ಪನೆಯ ಪಾತ್ರಗಳು. ಶ್ರೈವರ್ ಅವರಿಗೆ ಮಕ್ಕಳೇ ಇಲ್ಲ. (ಹೆಸರು ನೋಡಿ ಗಂಡಸು ಅಂದುಕೊಳ್ಳುವವರೂ ಇದ್ದಾರೆ. ಹದಿನೈದರ ವಯಸ್ಸಿನಲ್ಲಿ ಅವರೇ ಇಟ್ಟುಕೊಂಡ ಹೆಸರು ಅದು.)

ನಿಜವಾದ ತಾಯಿಯ ಪುಸ್ತಕ ಬೇರೆಯೇ ಇದೆ. 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಗುಂಡಿನ ದಾಳಿ ನಡೆಸಿದ ಇಬ್ಬರಲ್ಲಿ ಒಬ್ಬನ ತಾಯಿ ಸ್ಯೂ ಕ್ಲೆಬೋಲ್ಡ್. ಅವರು 2016ರಲ್ಲಿ ‘ಎ ಮದರ್ಸ್ ರೆಕನಿಂಗ್’ ಬರೆದರು. ನಾನು ಎರಡನ್ನೂ ಕಲಸಿಬಿಟ್ಟಿದ್ದೆ.

‘ತಾಯಿ ಪ್ರೀತಿಸಲಿಲ್ಲ, ಅದಕ್ಕೇ ಮಗ ಹೀಗಾದ’ ಎಂದು ಪುಸ್ತಕ ತೀರ್ಪು ಕೊಡುತ್ತದೆ ಎಂಬ ಸಾಲೂ ಸಂದೇಶದಲ್ಲಿದೆ. ಅದೂ ಸರಿಯಲ್ಲ. ಇಡೀ ಕತೆ ಹೇಳುವುದು ಇವಾ ಒಬ್ಬಳೇ. ಅವಳ ಮಾತನ್ನು ಎಷ್ಟು ನಂಬಬೇಕು ಅನ್ನುವುದೇ ಓದುಗರಿಗೆ ಇರುವ ತೊಡಕು. ಯಾಕೆ ಮಾಡಿದೆ ಎಂದು ಕೊನೆಯಲ್ಲಿ ಕೇಳಿದಾಗ ಕೆವಿನ್‌ಗೂ ಖಚಿತ ಉತ್ತರ ಗೊತ್ತಿಲ್ಲ. ಸುಮ್ನೆ ಒಂದು ಸಾಲಿಗೆ ಇಳಿಸುವ ಪುಸ್ತಕವಲ್ಲ, ಅಲ್ವಾ?

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ನನ್ನ ಹಳೆಯ ಬರಹ ನಿಮ್ಮ ಬಳಿ ಇದ್ದರೆ ಅಳಿಸಿಬಿಡಿ.