ತಪ್ಪು ಜಾವಾದ್ದು, ಪರೀಕ್ಷೆ ಹುಡುಗರಿಗೆ

ಇವತ್ತು ಪುಣೆಯ ಹಿಂಜವಡಿಯಲ್ಲಿ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂತಿದ್ದೆ. ಇನ್ನೂ ಸಿಟ್ಟು ಇಳಿದಿಲ್ಲ. ಜಾವಾ ಪ್ರೋಗ್ರಾಮಿಂಗ್ ಭಾಷೆ ಗೊತ್ತಿಲ್ಲದವರು ಕ್ಷಮಿಸಿ, ಇಲ್ಲಿನ ಮಿಸಳ್ ತಿಂಡಿ ಬಗ್ಗೆ ಇನ್ನೊಂದಿನ ಬರೀತೇನೆ.

ಬಂದಿದ್ದವನು ಗದಗ ಕಡೆಯ ಹುಡುಗ. ನನ್ನ ಪಕ್ಕದ ಮಹಾಶಯರು ಬೋರ್ಡ್ ಮೇಲೆ ಎರಡು ಇಂಟಿಜರ್ (ನಂಬರ್ ಇಟ್ಟ ಡಬ್ಬಿ, ಅಂದರೆ ಆಬ್ಜೆಕ್ಟ್) ಬರೆದರು. ಎರಡರಲ್ಲೂ 127. ನಡುವೆ, ಎರಡೂ ಸಮವಾ ಅಂತ ಕೇಳೋ == ಹಾಕಿ, ಏನು ಬರುತ್ತೆ ಅಂತ ಕೇಳಿದರು. ಹುಡುಗ "ಟ್ರೂ" ಅಂದ. ಸರಿ. 127 ಒರೆಸಿ 128 ಬರೆದರು. ಅವನು ಮತ್ತೆ "ಟ್ರೂ" ಅಂದ. ಸರಿಯುತ್ತರ "ಫಾಲ್ಸ್". ಮೀನು ಗಾಳಕ್ಕೆ ಬಿತ್ತು ಅನ್ನೋ ಹಾಗೆ ಮಹಾಶಯರು ನಕ್ಕರು. ಆಮೇಲೆ ಕಾರಿಡಾರ್‌ನಲ್ಲಿ ಹುಡುಗ ನನ್ನನ್ನು ಹಿಡಿದು ಕೇಳಿದ: "ಸರ, ನೂರಾ ಇಪ್ಪತ್ತೇಳಕ್ಕ ಒಂದ್ ನ್ಯಾಯ, ನೂರಾ ಇಪ್ಪತ್ತೆಂಟಕ್ಕ ಇನ್ನೊಂದ್ ನ್ಯಾಯ, ಹಿಂಗ್ಯಾಕ್ರೀ?"

ನ್ಯಾಯವಾದ ಪ್ರಶ್ನೆ. ಅಲ್ಲಿ == ನೋಡುವುದು ಒಳಗಿನ ನಂಬರನ್ನಲ್ಲ, ಎರಡೂ ಒಂದೇ ಆಬ್ಜೆಕ್ಟಾ ಅನ್ನೋದನ್ನ. 2004ರಲ್ಲಿ ಜಾವಾ 5 ಆಟೋಬಾಕ್ಸಿಂಗ್ ತಂತು, ಅಂದರೆ ಬರೀ ನಂಬರನ್ನು ತಾನೇ ಆಬ್ಜೆಕ್ಟಿನ ಡಬ್ಬಿಗೆ ಹಾಕೋದು. ಮೆಮೊರಿ ಉಳಿಸೋಕೆ -128ರಿಂದ 127ರವರೆಗಿನ ಆಬ್ಜೆಕ್ಟ್‌ಗಳನ್ನು ಮೊದಲೇ ಮಾಡಿಟ್ಟು ಅವನ್ನೇ ಎಲ್ಲರಿಗೂ ಹಂಚುತ್ತೆ. 128 ಆದರೆ ಮಾಮೂಲಿಯಾಗಿ ಪ್ರತಿ ಸಲ ಹೊಸದು. ಇದರ ಮಜಾ ನೋಡಿ. ಟೆಸ್ಟಿಂಗ್‌ನಲ್ಲಿ ಆರ್ಡರ್ ನಂಬರ್ 5, 10 ಅಂತ ಹಾಕಿ ನೋಡ್ತೀವಿ, ಎಲ್ಲಾ ಸರಿ. ಪ್ರೊಡಕ್ಷನ್‌ನಲ್ಲಿ ನಂಬರ್ 127 ದಾಟಿದ ಮೇಲೆ ಕೈ ಕೊಡುತ್ತೆ. ಓಡಿಸೋ ಮೊದಲು ನಮ್ಮ ಕೋಡ್ ತಪಾಸಣೆ ಮಾಡಿ ಅನುವಾದಿಸೋ ಕಂಪೈಲರ್ ಮಾತ್ರ ಅವತ್ತೂ ತುಟಿ ಬಿಚ್ಚಿರಲಿಲ್ಲ.

ನನ್ನ ತಕರಾರು ಇದೇ. ಬಾಯಿ ಬಿಡಬೇಕಾದ ಕಡೆ ಬಿಡಲ್ಲ, ಬೇಡದ ಕಡೆ ಬಡ್ಕೊಳ್ಳುತ್ತೆ. ಬೈಟ್‌ಗಳನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡುವಾಗ, ಯಾವ ಬೈಟ್ ಯಾವ ಅಕ್ಷರ ಅಂತ ಹೇಳೋ ಎನ್‌ಕೋಡಿಂಗ್ ಹೆಸರು "ಯುಟಿಎಫ್-8" ಅಂತ ಬರೆದುಕೊಡಿ. ಪ್ರತಿಯೊಂದು ಜಾವಾದಲ್ಲೂ ಯುಟಿಎಫ್-8 ಇರಲೇಬೇಕು ಅಂತ ನಿಯಮ ಮಾಡಿದ್ದು ಅವರೇ. ಆದರೂ "ಅದು ಇಲ್ಲದಿದ್ದರೆ? ಎಕ್ಸೆಪ್ಶನ್ ಹಿಡಿ" ಅಂತ ಕಂಪೈಲರ್ ಹಟ. ಎಕ್ಸೆಪ್ಶನ್ ಅಂದರೆ ಓಡುವಾಗ ಏಳೋ ತೊಂದರೆ, ಅದನ್ನು ಹಿಡಿಯೋ ಕೋಡೇ ಕ್ಯಾಚ್. ಜಾವಾ 7ರಲ್ಲಿ ಬೇರೆ ದಾರಿ ಕೊಟ್ಟರು, ಅಷ್ಟರಲ್ಲಿ ನಮ್ಮವರಿಗೆ ಖಾಲಿ ಕ್ಯಾಚ್ ಬರೆಯೋ ಚಟ ಹತ್ತಿತ್ತು. ಈಗ ನಿಜವಾದ ತೊಂದರೆ ಬಂದರೂ ಅದೇ ಖಾಲಿ ಕ್ಯಾಚ್‌ನಲ್ಲಿ ಮುಳುಗಿಹೋಗುತ್ತೆ, ರಾತ್ರಿ ಲಾಗ್ ಹುಡುಕೋರು ನಾವು.

ಅದೇ ಕಂಪೈಲರ್ ಮುಂದೆ ಸ್ಟ್ರಿಂಗ್ ಅರೇಯನ್ನು (ಬರೀ ಸ್ಟ್ರಿಂಗ್ ಇಡೋ ಸಾಲು) ಯಾವ ಆಬ್ಜೆಕ್ಟನ್ನಾದರೂ ಇಡೋ ಆಬ್ಜೆಕ್ಟ್ ಅರೇ ಅಂತ ಹೇಳಿ, ಒಳಗೆ ಒಂದು ನಂಬರ್ ತುರುಕಿ ನೋಡಿ. ಹೂಂ ಅನ್ನುತ್ತೆ! ಓಡಿಸಿದಾಗ ಬೀಳುತ್ತೆ.

ಇನ್ನು ನಲ್, ಅಂದರೆ ಯಾವ ಆಬ್ಜೆಕ್ಟನ್ನೂ ತೋರಿಸದ ಖಾಲಿ ರೆಫರೆನ್ಸ್. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1965ರಲ್ಲಿ ನಲ್ ರೆಫರೆನ್ಸ್ ತಂದರು. 2009ರಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರ್ ತಪ್ಪು ಅಂದರು. 1995ರಲ್ಲಿ ಹೊರಬಂದ ಜಾವಾ ಅದನ್ನು ಹಾಗೇ ಮನೆಗೆ ಕರ್ಕೊಂಡು ಬಂತು. 2014ರಲ್ಲಿ, ಜಾವಾ 8ರಲ್ಲಿ, ಪರಿಹಾರ ಅಂತ ಆಪ್ಷನಲ್ (ಒಳಗೆ ಏನಾದರೂ ಇರಬಹುದು, ಇಲ್ಲದೆಯೂ ಇರಬಹುದು ಅನ್ನೋ ಡಬ್ಬಿ) ಕೊಟ್ಟರು. ಆ ಆಪ್ಷನಲ್ಲೇ ನಲ್ ಆಗಬಹುದು. ಕಂಪೈಲರ್ ಕೇಳಲ್ಲ. ಶಹಭಾಷ್.

"ಹಳೇ ಕೋಡ್ ಒಡೆಯಬಾರದಲ್ವಾ?" ಅಂತೀರಿ, ಗೊತ್ತು. ಒಪ್ಪಿದೆ. ಇಪ್ಪತ್ತು ವರ್ಷದ ಹಿಂದಿನ ಜಾರ್ (ಜಾವಾ ಪ್ರೋಗ್ರಾಂ ಕಟ್ಟಿಟ್ಟ ಫೈಲ್) ಇವತ್ತೂ ಓಡೋದು ಸಣ್ಣ ಮಾತಲ್ಲ. ವಾಕಡ್‌ನ ನನ್ನ ಫ್ಲ್ಯಾಟಿನ ಕಂತು ಕಟ್ಟುತ್ತಿರೋದೂ ಅದೇ ಜಾರ್‌ಗಳೇ. ಸಾಲ ತೀರೋವರೆಗೂ ಜಾವಾ ಬಾಳಲಿ ಅಂತ ಒಳಗೊಳಗೇ ಆಸೆ ಇರೋನು ನಾನು. ಆದರೆ ಎರಡು ಇಂಟಿಜರ್ ನಡುವೆ == ಕಂಡರೆ ಒಂದು ವಾರ್ನಿಂಗ್ ಕೊಟ್ಟರೆ ಯಾವ ಹಳೇ ಕೋಡ್ ಒಡೆಯುತ್ತೆ? ನಾವು ಕೋಡ್ ಬರೆಯೋ ಸಾಫ್ಟ್‌ವೇರ್ ಐಡಿಇ ಹಳದಿ ಗೆರೆ ಎಳೆದು ಹೇಳುತ್ತೆ. ಅದಕ್ಕೆ ಗೊತ್ತಾಗೋದು ಕಂಪೈಲರ್‌ಗೆ ಗೊತ್ತಾಗಲ್ವಾ?

ಇದಕ್ಕಿಂತ ಜಾಸ್ತಿ ಉರಿಯೋದು ನಮ್ಮ ಮೇಲೆ. ಭಾಷೆ ಮಾಡಿದವರ ಎಡವಟ್ಟನ್ನ ನಾವು ವಿದ್ಯೆ ಅಂತ ಮಾಡ್ಕೊಂಡಿದ್ದೀವಿ. ಶನಿವಾರದ ವಾಕ್‌ಇನ್‌ಗೆ ಸಾಲಲ್ಲಿ ನಿಂತ ಮಕ್ಕಳು ಮೊಬೈಲಲ್ಲಿ ಇದನ್ನೇ ಬಾಯಿಪಾಠ ಮಾಡ್ತಿರ್ತಾರೆ. ಆ ಹುಡುಗ ಎರಡು ಕೆಲಸ ಒಂದಕ್ಕೊಂದು ಕಾದು ನಿಂತುಬಿಡೋ ಡೆಡ್‌ಲಾಕ್ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದ! ಮಹಾಶಯರ ಹಾಳೆಯಲ್ಲಿ ಅದರ ಸುದ್ದಿಯೇ ಇಲ್ಲ, "ಬೇಸಿಕ್ಸ್ ವೀಕ್" ಅಂತ ಬರೆದಿದ್ದರು. ನಾನು ಪಕ್ಕದಲ್ಲೇ ಅವನನ್ನು ತಗೊಳ್ಳಿ ಅಂತ ಬರೆದಿದ್ದೇನೆ. ಎಚ್‌ಆರ್ ಏನು ಮಾಡುತ್ತಾರೋ ನೋಡೋಣ.

"ಕೋಟ್ಲಿನ್ ಭಾಷೆಗೆ ಹೋಗಿ ಸಾರ್, ಅಲ್ಲಿ ನಲ್ ಕಾಟ ಕಮ್ಮಿ" ಅಂತ ಕಾಮೆಂಟ್ ಹಾಕೋಕೆ ಕೂತಿರೋ ಗೆಳೆಯರೇ, ಕೇಳಿ ಆಯ್ತು. ನಮ್ಮ ಕ್ಲೈಂಟ್ ಇನ್ನೂ ಜಾವಾ 8ರಲ್ಲೇ ಇದ್ದಾರೆ. 11ಕ್ಕೆ ಹೋಗೋಕೇ ಬಜೆಟ್ ಇಲ್ಲವಂತೆ.