ಬಂದರಿಗಾಗಿ ಕಡಲು ತುಂಬಿ ನೆಲ ಮಾಡಲು ಸರ್ಕಾರ ಅನುಮತಿ ಕೊಡಬೇಕೆ?

ಪರ

ಶರಾವತಿ ಕಣಿವೆಯವರಿಗೆ ಮುಳುಗಡೆಯ ಸಂಕಟವನ್ನು ಯಾರೂ ವಿವರಿಸಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಆಗ ಊರು ಬಿಟ್ಟವರ ಹಕ್ಕುಪತ್ರದ ತಕರಾರು ಸಾಗರ, ಶಿವಮೊಗ್ಗದಲ್ಲಿ ಇನ್ನೂ ಮುಗಿದಿಲ್ಲ. ಬಂದರಿಗೆ ಜಾಗ ಹುಡುಕುವಾಗಲೂ ಇದೇ ಮೊದಲ ಲೆಕ್ಕವಾಗಬೇಕು. ನವಮಂಗಳೂರು ಬಂದರನ್ನು ಪಣಂಬೂರಿನಲ್ಲಿ ನೆಲದೊಳಕ್ಕೆ ಅಗೆದು ಕಟ್ಟಿದರು. ಅದಕ್ಕಾಗಿ ಜನ ಮನೆ, ಗದ್ದೆ ಬಿಟ್ಟುಕೊಟ್ಟರು. ಕಡಲಲ್ಲೇ ನೆಲ ಮಾಡಿಕೊಂಡರೆ ಒಕ್ಕಲೆಬ್ಬಿಸುವುದು ಬಹಳಷ್ಟು ತಪ್ಪುತ್ತದೆ.

ಪನಮ್ಯಾಕ್ಸ್ ಹಡಗು (ಪನಾಮಾ ಕಾಲುವೆಯ ಹಳೆಯ ಗೇಟುಗಳಲ್ಲಿ ಹಾಯಬಲ್ಲ ಅತಿ ದೊಡ್ಡ ಗಾತ್ರದ್ದು) ತುಂಬಿದಾಗ ನೀರಿನೊಳಗೆ ಸುಮಾರು 12 ಮೀಟರ್ ಇಳಿಯುತ್ತದೆ. ತಳ ತಾಗದಿರಲು ಬಿಡುವ ಅಂತರವೂ ಸೇರಿದರೆ ಹತ್ತಿರ ಹತ್ತಿರ 14 ಮೀಟರ್ ಆಳ ಬೇಕು. ಅದಕ್ಕಾಗಿ ಎತ್ತುವ ಮರಳನ್ನು ದೂರ ಒಯ್ದು ಸುರಿಯುವ ಬದಲು ಅಲ್ಲೇ ತುಂಬಬಹುದು. ಮೊದಲು ಕಲ್ಲಿನ ಒಡ್ಡು, ಅದರ ಒಳಮೈಗೆ ನೀರು ಬಿಟ್ಟು ಮರಳು ತಡೆಯುವ ಬಟ್ಟೆಯ, ಅಂದರೆ ಜಿಯೋಟೆಕ್ಸ್‌ಟೈಲ್ ಹಾಸು. ಹಾಸು ಹರಿದರೆ ಮರಳು ಕಲ್ಲಿನ ಸಂದಿಯಲ್ಲಿ ಸೋರಿಹೋಗಿ ಮೇಲಿನ ಸರಕು ಇಡುವ ಯಾರ್ಡ್‌ನಲ್ಲಿ ಗುಂಡಿ ಬೀಳುತ್ತದೆ. ಆಮೇಲೆ ಕಡಲತಳ ಅಗೆಯುವ ಡ್ರೆಜರ್ ಮರಳು-ನೀರನ್ನು ಪೈಪಿನಲ್ಲಿ ತಂದು ಸುರಿಯುತ್ತದೆ.

ಎಡವುವುದು ಮುಂದಿನ ಹಂತದಲ್ಲಿ. ಅಡಿಯಲ್ಲಿ ಕಡಲ ಜೇಡಿ ಇದ್ದರೆ ಅದರೊಳಗಿನ ನೀರು ಹೊರಬರುವವರೆಗೆ ನೆಲ ಕುಸಿಯುತ್ತಲೇ ಇರುತ್ತದೆ. ನೀರು ಸಾಗಬೇಕಾದ ದಾರಿ ಅರ್ಧವಾದರೆ ಹಿಡಿಯುವ ಕಾಲ ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಒಂದರಿಂದ ಒಂದೂವರೆ ಮೀಟರಿಗೊಂದರಂತೆ ಪ್ಲಾಸ್ಟಿಕ್ ಪಟ್ಟಿಯ ಡ್ರೈನುಗಳನ್ನು ಇಳಿಸಿ, ಮೇಲೆ ಹೆಚ್ಚುವರಿ ಮಣ್ಣು ಹೇರಿ, ತಿಂಗಳುಗಟ್ಟಲೆ ಕಾಯುತ್ತಾರೆ. ಅವಸರ ಮಾಡಿದರೆ ಕ್ರೇನಿನ ಹಳಿ ಓರೆಯಾಗುತ್ತದೆ. ಈ ಕಾಯುವ ಅವಧಿಯನ್ನು ಸರ್ಕಾರ ಗುತ್ತಿಗೆಯಲ್ಲೇ ಬರೆದು ಬಿಗಿ ಮಾಡಬೇಕು.

ಮಲೆನಾಡಿಗೂ ಇದರಲ್ಲಿ ಪಾಲಿದೆ. ಆಗುಂಬೆ ಘಾಟಿಯಲ್ಲಿ ಭಾರಿ ಲಾರಿಗಳಿಗೆ ಅವಕಾಶವಿಲ್ಲ, ಮಂಗಳೂರಿಗೆ ಹೋಗುವ ಸರಕು ಸುತ್ತಬೇಕು. ಶಿವಮೊಗ್ಗದಿಂದ ಸಾಗರ ಪಟ್ಟಣದ ಮೂಲಕ ಹೊನ್ನಾವರಕ್ಕೆ ರಾಷ್ಟ್ರೀಯ ಹೆದ್ದಾರಿ 69 ನೇರವಾಗಿ ಇಳಿಯುತ್ತದೆ. ಅಲ್ಲಿ ಬಂದರು ಬಂದರೆ ಇಲ್ಲಿನ ಉದ್ದಿಮೆಗೆ ಸಾಗಣೆ ವೆಚ್ಚ ತಗ್ಗುತ್ತದೆ. ಡ್ರೆಜ್ ಮಾಡಿದ ಮರಳನ್ನಷ್ಟೇ ಬಳಸಬೇಕು, ಗುಡ್ಡದ ಮಣ್ಣನ್ನು ಮುಟ್ಟಬಾರದು ಎಂಬ ಷರತ್ತು ಹಾಕಿ ಅನುಮತಿ ಕೊಡಲಿ.

ವಿರೋಧ

ಆ ಷರತ್ತು ಕಾಗದದ ಮೇಲೆ ಚೆನ್ನಾಗಿದೆ, ಆದರೆ ಡ್ರೆಜರಿಗೆ ಸಿಗುವುದೆಲ್ಲ ಮರಳಲ್ಲ. ಹೂಳು, ಜೇಡಿ ಬಂದರೆ ತುಂಬಲು ಆಗದು, ಕೊರತೆಯನ್ನು ಗುಡ್ಡವೇ ತುಂಬಿಕೊಡಬೇಕಾಗುತ್ತದೆ. 100 ಹೆಕ್ಟೇರಿಗೆ 6 ಮೀಟರ್ ಎತ್ತರ ತುಂಬಿಸಲು 60 ಲಕ್ಷ ಘನ ಮೀಟರ್ ಬೇಕು. ಅದರ ಕಾಲುಭಾಗವನ್ನಷ್ಟೇ ನೆಲದಿಂದ ತಂದರೂ, 12 ಘನ ಮೀಟರಿನ ಟಿಪ್ಪರಿನಲ್ಲಿ ಒಂದೂಕಾಲು ಲಕ್ಷ ಲೋಡು. ಅಲೆತಡೆಗೋಡೆಯ ದೊಡ್ಡ ಕಲ್ಲನ್ನಂತೂ ಯಾವ ಡ್ರೆಜರೂ ಕೊಡುವುದಿಲ್ಲ, ಅದಕ್ಕೆ ಕ್ವಾರಿಯೇ ಬೇಕು. ಮಳೆಗಾಲದಲ್ಲಿ ಧರೆ ಕುಸಿಯುವ ಗೇರುಸೊಪ್ಪ ಘಾಟಿಯ ಮೇಲೆ ಈ ಭಾರ ಬೀಳಬಾರದು.

ಇದಕ್ಕಿಂತ ದೊಡ್ಡದು ಮರಳಿನ ಲೆಕ್ಕ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿ ಹಿಂದೆ ತನ್ನ ಅಳಿವೆಗೆ ತಾನೇ ಮರಳು ತರುತ್ತಿತ್ತು. ಈಗ 151 ಟಿಎಂಸಿ ಸಾಮರ್ಥ್ಯದ ಲಿಂಗನಮಕ್ಕಿಯ ಹಿಂದೆ ಅದು ತಂಗುತ್ತದೆ, ದಾಟಿದ್ದನ್ನು ಗೇರುಸೊಪ್ಪದ ಕಟ್ಟೆ ಹಿಡಿಯುತ್ತದೆ. ಮೇಲಿಂದ ಬರುವುದು ಕಡಿಮೆಯಾದ ದಂಡೆಗೆ ದಡದುದ್ದಕ್ಕೂ ಸರಿದಾಡುವ ಮರಳೇ ಆಸರೆ. ಅಲೆತಡೆಗೋಡೆ ಚಾಚಿದರೆ ಅದೂ ನಿಲ್ಲುತ್ತದೆ: ಒಂದು ಬದಿಯಲ್ಲಿ ಮರಳು ಗುಡ್ಡೆ, ಇನ್ನೊಂದು ಬದಿಯಲ್ಲಿ ಕಡಲ್ಕೊರೆತ. ಚೆನ್ನೈ ಬಂದರಿನ ದಕ್ಷಿಣಕ್ಕೆ ಮರೀನಾ ಅಗಲವಾಯಿತು, ಉತ್ತರದ ರಾಯಪುರಂ ಕೊರೆದುಹೋಯಿತು. ನಮ್ಮ ಉಳ್ಳಾಲದಲ್ಲಿ ದಂಡೆ ಉಳಿಸಲು ಸಾಲ ತಂದು ಹಣ ಸುರಿಯಬೇಕಾಯಿತು. ಒಂದು ಕಡೆ ಶೇಖರವಾದ ಮರಳನ್ನು ಪಂಪ್ ಮಾಡಿ ಆಚೆ ಬದಿಗೆ ಸಾಗಿಸಬಹುದು ನಿಜ, ಆದರೆ ಅದು ಬಂದರು ಇರುವವರೆಗೂ ನಿಲ್ಲದ ಖರ್ಚು. ಗುತ್ತಿಗೆದಾರ ಹೋದಮೇಲೆ ಅದನ್ನು ಹೊರುವವರು ಯಾರು?

ಅಳಿವೆಯ ಬಾಯನ್ನು ಕಿರಿದು ಮಾಡುವುದಂತೂ ಅಪಾಯ. ಜೋರು ಮಳೆಯಲ್ಲಿ ಲಿಂಗನಮಕ್ಕಿಯ ಗೇಟು ತೆರೆದ ಹೊತ್ತಿಗೆ ಕೆಳಗೆ ಭರತವೂ ಏರಿದ್ದರೆ, ನೀರು ಹೊರಹೋಗಲು ದಾರಿಯಿಲ್ಲದೆ ನದಿದಂಡೆಯ ಊರುಗಳಿಗೆ ನುಗ್ಗುತ್ತದೆ. ಉತ್ತರ ಕನ್ನಡದ ಗಜನಿ ಗದ್ದೆಗಳೂ ಕಡಲಿನಿಂದ ಪಡೆದ ನೆಲವೇ. ಅಲ್ಲಿ ತೂಬು ತೆರೆದು ಭರತ-ಇಳಿತವನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಮಳೆಗಾಲಕ್ಕೆ ಉಪ್ಪುನೀರು ತಾಳುವ ಕಗ್ಗ ಭತ್ತ, ಆಮೇಲೆ ಸಿಗಡಿ, ಮೀನು. ಬಂದರಿನ ಯಾರ್ಡ್ ಹಾಗಲ್ಲ, ನೀರನ್ನು ಶಾಶ್ವತವಾಗಿ ಹೊರಗಿಡುತ್ತದೆ. ಒಕ್ಕಲೆಬ್ಬಿಸುವುದು ತಪ್ಪುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಹೊನ್ನಾವರದ ಕಾಸರಕೋಡಿನ ಟೊಂಕದ ಮೀನುಗಾರರು ಬೀದಿಗಿಳಿದದ್ದು ದಂಡೆಗಾಗಿಯೇ. ದೋಣಿ ಎಳೆಯಲು, ಮೀನು ಒಣಗಿಸಲು ಅವರಿಗಿರುವುದು ಅದೊಂದೇ ಜಾಗ.

ನೀತಿಯ ದೋಷ ಇಲ್ಲೇ ಇದೆ. ಕರಾವಳಿ ನಿಯಂತ್ರಣ ವಲಯದ ನಿಯಮ ಕಡಲು ತುಂಬುವುದನ್ನು ನಿಷೇಧಿಸುತ್ತದೆ, ಆದರೆ ಬಂದರು ಮೊದಲಾದ ಕೆಲವು ಕೆಲಸಗಳಿಗೆ ವಿನಾಯಿತಿ ಕೊಡುತ್ತದೆ. ಪರಿಸರ ಪರಿಣಾಮ ವರದಿ ಬಂದರಿನ ಸುತ್ತಲನ್ನು ನೋಡುತ್ತದೆ, ಮೇಲಿನ ಅಣೆಕಟ್ಟನ್ನೂ ಘಟ್ಟದ ಕ್ವಾರಿಯನ್ನೂ ಒಂದೇ ಕಡತದಲ್ಲಿ ಇಡುವುದಿಲ್ಲ. ಅಂಬುತೀರ್ಥದಿಂದ ಅಳಿವೆಯವರೆಗೆ, ಮಳೆಗಾಲವೂ ಸೇರಿ ಕೆಲವು ವರ್ಷ ಮರಳಿನ ಓಡಾಟ ಅಳೆಯಲಿ. ಕ್ವಾರಿ ಎಲ್ಲಿ, ಲೋಡು ಎಷ್ಟು ಎಂಬುದನ್ನು ಸಾರ್ವಜನಿಕ ಅಹವಾಲು ಸಭೆಗೆ ಮುಂಚೆಯೇ ಸಾಗರದಲ್ಲೂ ಹೊನ್ನಾವರದಲ್ಲೂ ಕನ್ನಡದಲ್ಲಿ ಪ್ರಕಟಿಸಲಿ. ಅಲ್ಲಿಯವರೆಗೆ ಅನುಮತಿ ಕೊಡಕೂಡದು.